ಅಡ್ಡಗೆರೆ

ಕೂತುಕೊಳ್ಳಿ. ಆ ಕುರ್ಚಿ ಬೇಡ, ಅದರ ಕಾಲು ಸರಿಯಿಲ್ಲ.
ಅಷ್ಟು ದೂರದಿಂದ ಬಂದಿದ್ದೀರಿ, ನಮ್ಮ ಭಾಷೆ ಅರ್ಧ ಕಲಿತು,
ಚೀಲದ ತುಂಬ ಸಾಹಿತ್ಯದ ಚರಿತ್ರೆ ಹೊತ್ತು.
ಪ್ರಯೋಗ, ಎನ್ನುತ್ತೀರಿ. ಇರಲಿ.
ನನಗಾಗ ಹತ್ತೊಂಬತ್ತು. ಸಾವಿರ ಅಕ್ಷರಕ್ಕಿಷ್ಟು ಎಂದು ಕೂಲಿ.

ಈ ಊರಿನ ಹೆಸರಿಗೆ ದೋಣಿ ಎಂದರ್ಥ: ವೂಚ್.
ದೋಣಿ ತೇಲುವಷ್ಟು ನೀರು ಎಲ್ಲೂ ಇಲ್ಲ;
ಇದ್ದ ಹೊಳೆಗಳಿಗೆ ಗಿರಣಿಯವರು ಬಣ್ಣ ಕುಡಿಸಿ
ನೆಲದಡಿ ಹೂತುಬಿಟ್ಟರು.
ಹೆಸರಿನ ಮೊದಲ ಅಕ್ಷರದ ಸೊಂಟಕ್ಕೊಂದು ಅಡ್ಡಗೆರೆ.
ಅದೇ ಅಕ್ಷರ, ನೋಡಿ, ನಮ್ಮ ಭೂತಕಾಲಕ್ಕೆಲ್ಲ ಬೇಕು:
ಇದ್ದ, ನಕ್ಕ, ಮಲಗಿದ, ಸತ್ತ,
ಒಂದೂ ಅದಿಲ್ಲದೆ ಮುಗಿಯುವುದಿಲ್ಲ.

ಆ ಚಳಿಗಾಲ ಜ್ವರ ಬಂತು.
ಗೋಡೆಗೆ ಅಂಟಿಸುವ ಕಪ್ಪಂಚಿನ ಸಾವಿನ ಚೀಟಿ
ದಿನಕ್ಕೆ ಒಂಬತ್ತು, ಹತ್ತು.
ಮೊಳೆಗಳ ಪೆಟ್ಟಿಗೆಯಲ್ಲಿ ಆ ಒಂದು ಗೂಡು
ತಳ ಕಾಣಿಸತೊಡಗಿತು.

ಆಗ ಬಂದರು ನಿಮ್ಮ ಕವಿ, ಹಿಯೆರೊನಿಮ್ ಜಾವಿಲ್ಸ್ಕಿ,
ಯುದ್ಧ ಮೊಂಡು ಮಾಡಿದ ಕಾಲನ್ನೆಳೆಯುತ್ತ.
ಪುಟದ ನಡುವೆ ಒಂದು ಪದ, ಮೂಲೆಯಲ್ಲಿ ಇನ್ನೊಂದು,
ಒಂದು ಪುಟವನ್ನಂತೂ ಬುಡದಿಂದ ತುದಿಗೆ ಓದಬೇಕು.
ಬಿಳಿಗೆಲ್ಲ ಕೂಲಿ ಕೊಡಲಾರೆ, ಎಂದ ನಮ್ಮ ಮಾಲೀಕ.
ಆ ಬಿಳಿಯನ್ನು ನೀವು ಮೌನ ಎಂದು ಬರೆದಿದ್ದೀರಿ.
ನಾನು ಎತ್ತಿದ್ದೇನೆ ಸ್ವಾಮಿ, ಆ ಮೌನವನ್ನು.
ಖಾಲಿ ಜಾಗಕ್ಕೂ ಸೀಸ ತುಂಬಬೇಕು;
ಪುಟಕ್ಕೆ ಮೂರು ಕಿಲೋ.

ಹನ್ನೊಂದನೆಯ ಪುಟ. ಒಂದೇ ಸಾಲು.
*ಯಾರೋ ಬಾಗಿಲ ಬಳಿ ಕೃಪೆಯನ್ನು ಮರೆತು ಹೋದ.*
ಅಡ್ಡಗೆರೆಯ ಮೊಳೆ ಎರಡು ಬೇಕಿತ್ತು.
ಗೂಡಿನಲ್ಲಿ ಉಳಿದಿದ್ದು ಒಂದು.
'ಕೃಪೆ'ಗೆ ಕೊಡಲೋ, 'ಹೋದ'ಕ್ಕೆ ಕೊಡಲೋ?
ಹೋದವನನ್ನು ಪೂರ್ತಿ ಹೋಗಲು ಬಿಡಬೇಕು ಅನಿಸಿತು.
ಕೃಪೆಗೆ ಗೆರೆಯಿಲ್ಲದ ಮೊಳೆ ಹಾಕಿದೆ.

ನಮ್ಮಲ್ಲಿ ಗೆರೆ ಇದ್ದರೆ ವಾಸ್ಕಾ: ಕೃಪೆ.
ಗೆರೆ ಇಲ್ಲದಿದ್ದರೆ ಲಾಸ್ಕಾ: ಊರುಗೋಲು.

ಕರಡು ಒಯ್ದವರು ಮಾರನೆಯ ದಿನ ಬಂದರು.
ಮೆಟ್ಟಿಲಲ್ಲೇ ಕೋಲಿನ ಸದ್ದು ಕೇಳಿ ನನ್ನ ಕೈ ತಣ್ಣಗಾಯಿತು.
ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಿಂತರು,
ಒಲೆಯ ಮೇಲಿನ ಚಹಾ ಉಕ್ಕಿ ಹರಿಯುವಷ್ಟು ಹೊತ್ತು.
ಆಮೇಲೆ ಕೇಳಿದರು: ನಿನ್ನ ಹೆಸರೇನಮ್ಮ?
ಲೆಯೊಕಾಡಿಯಾ, ಎಂದೆ.
ಇದು ಹೀಗೇ ಇರಲಿ ಲೆಯೊಕಾಡಿಯಾ, ಎಂದು ಹೊರಟುಹೋದರು.

ಇನ್ನೂರು ಪ್ರತಿ. ಮಾರಾಟವಾದದ್ದು ಹದಿನಾಲ್ಕು.
ಉಳಿದವು ನೇಕಾರರ ಸಂತೆಯಲ್ಲಿ
ಗುಂಡಿ ಕಟ್ಟುವ ಪೊಟ್ಟಣವಾದವು.
ಈಗ ಆ ಒಂದು ಪದದ ಮೇಲೆ ನಿಮ್ಮ ನೂರು ಪುಟ:
ದೇವರನ್ನು ಒಂದೇ ಗೆರೆಯಲ್ಲಿ ಅಳಿಸಿದ ಕವಿ,
ಅಲ್ಲಿಂದಲೇ ಶುರುವಂತೆ ಎಲ್ಲ.
ಇರಬಹುದು. ಅವರು ಕಂಡುಕೊಂಡರಲ್ಲ,
ಕಂಡುಕೊಳ್ಳುವುದೂ ಬರೆಯುವುದೇ ಇರಬಹುದು.

ಆದರೆ ಒಂದು ಮಾತು ನಾನು ಅವರಿಗೂ ಹೇಳಲಿಲ್ಲ.
ಅಡ್ಡಗೆರೆಯ ಮೊಳೆ ಅಂಗಡಿಯಲ್ಲಿ ಇರಲಿಲ್ಲವೆಂದಲ್ಲ.
ಕಿಟಕಿಯ ಬಳಿ, ದಾರ ಸುತ್ತಿಟ್ಟ ಒಂದು ಚೀಟಿಯೊಳಗೆ ಮೂರಿದ್ದವು:
ಮಿವೊಸ್ವಾವಾ, ಆರು ವರ್ಷ, ಹೆಸರಲ್ಲೇ ಎರಡು,
'ತೀರಿಕೊಂಡಳು' ಎಂಬಲ್ಲಿ ಒಂದು.
ಅಚ್ಚಾಗಿತ್ತು. ದಾರ ಬಿಚ್ಚಬಹುದಿತ್ತು.
ಅವಳ ತಾಯಿ, ನೂಲಿನ ಗಿರಣಿಯವಳು,
ಸಂಬಳ ಬಂದ ಮೇಲೆ ಇನ್ನೂ ಇಪ್ಪತ್ತು ಬೇಕು,
ನಮ್ಮ ಬೀದಿಗೆ ಸಾಲಲಿಲ್ಲ, ಎಂದು ಹೇಳಿಹೋಗಿದ್ದಳು.

ಬಂದಳೋ ಇಲ್ಲವೋ ನೆನಪಿಲ್ಲ.
ವಸಂತದವರೆಗೂ ನಾನು ಆ ದಾರ ಬಿಚ್ಚಲಿಲ್ಲ.

ನಿಮ್ಮ ಯಂತ್ರ ನಿಂತುಹೋಗಿದೆಯೇನೋ, ನೋಡಿ.
ಹೊಸ ಮುದ್ರಣದಲ್ಲಿ ಏನು ಹಾಕುತ್ತೀರಿ, ಕೃಪೆಯೋ, ಕೋಲೋ?
ಈಗ ಅಕ್ಷರಕ್ಕೇನೂ ಬರವಿಲ್ಲವಂತೆ.